ದುಬೈ ಪ್ರವಾಸಕ್ಕೆ ದುಡ್ಡು ಹೇಗೆ ಒಯ್ಯುವುದು? ಗೊತ್ತಿದ್ದವರು ಹೇಳಿ

ಕುಂಬಳೆ ಕಡಲು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲ ದುಬೈಗೆ ಹೊರಟಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಮಂಗಳೂರಿನಿಂದ ವಿಮಾನ. ವೀಸಾ, ಟಿಕೆಟ್, ಹೋಟೆಲ್ ಎಲ್ಲ ಆಯಿತು. ದುಡ್ಡಿನದ್ದೊಂದು ಮಾತ್ರ ಬಗೆಹರಿಯುತ್ತಿಲ್ಲ.

ಪೇಟೆಯಲ್ಲಿ ಕೇಳಿದರೆ "ಎಲ್ಲ ಕ್ಯಾಶೇ ಒಯ್ಯಿರಿ, ಕಾರ್ಡ್ ನಂಬಬೇಡಿ" ಅನ್ನುತ್ತಾರೆ. ಮಗ "ಯುಪಿಐ ಅಲ್ಲೂ ನಡೆಯುತ್ತದೆ, ಬೇರೆ ಏನೂ ಬೇಡ" ಅನ್ನುತ್ತಾನೆ. ಬ್ಯಾಂಕಿನವರು ವಿದೇಶಿ ಹಣ ಮೊದಲೇ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಮಾಡಿಸಿ ಅಂತ ಬೆನ್ನು ಬಿದ್ದಿದ್ದಾರೆ. ಹೆಂಡತಿಯ ಅಣ್ಣ ಶಾರ್ಜಾದಲ್ಲಿದ್ದಾರೆ. ಅವರು ಹೇಳುವುದು, "ನೀವು ಕೈ ಬೀಸಿಕೊಂಡು ಬನ್ನಿ ಭಾವ. ಇಲ್ಲಿ ದಿರ್ಹಮ್ ನಾನು ಕೊಡುತ್ತೇನೆ. ಊರಿನಲ್ಲಿ ನನ್ನ ಅಮ್ಮನ ಕೈಗೆ ರೂಪಾಯಿ ಕೊಟ್ಟರಾಯಿತು."

ಇದೇ ಸುಲಭ ಅಂತ ನನಗೂ ಕಾಣುತ್ತದೆ. ನಿಮ್ಮ ಅಭಿಪ್ರಾಯ ಏನು? ಇನ್ನೊಂದು, ಅಮ್ಮನಿಗೆ ಕೈಬಳೆ ತೆಗೆದಿಟ್ಟು ಹೋಗಲು ಮನಸ್ಸಿಲ್ಲ. ಅದಕ್ಕೇನಾದರೂ ಕಾಗದ ಬೇಕಾ?

ಬದಿಯಡ್ಕದವ

ಸುಮ್ನೆ ತಲೆಬಿಸಿ ಯಾಕೆ ಮಾರಾಯ್ರೇ? ಭಾವ ಕೊಡುತ್ತೇನೆ ಅನ್ನುವಾಗ ಬ್ಯಾಂಕಿಗೆ ಕಮಿಷನ್ ಕೊಡುವುದು ಎಂತಕ್ಕೆ? ನಮ್ಮ ಕಡೆ ಗಲ್ಫಿಗೆ ಹೋಗುವವರೆಲ್ಲ ಮಾಡುವುದು ಅದನ್ನೇ. ದರವೂ ಒಳ್ಳೆಯದು ಸಿಗುತ್ತದೆ.

ಮುಳ್ಳೇರಿಯದ ನಿವೃತ್ತ ಬ್ಯಾಂಕಿನವ

ಎಲ್ಲರೂ ಮಾಡುತ್ತಾರೆ ಎನ್ನುವುದು ಸರಿ. ಕಾನೂನು ಒಪ್ಪುತ್ತದೆಯಾ ಎನ್ನುವುದು ಬೇರೆ ಪ್ರಶ್ನೆ. ಇಲ್ಲಿ ರೂಪಾಯಿ ಕೊಟ್ಟು ಅದರ ಬದಲಿಗೆ ಅಲ್ಲಿ ವಿದೇಶಿ ಹಣ ತೆಗೆದುಕೊಳ್ಳುವುದನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ತನ್ನ 3ನೇ ಸೆಕ್ಷನ್ನಿನಲ್ಲೇ ತಡೆಯುತ್ತದೆ. ಹಣ ಗಡಿ ದಾಟಲಿಲ್ಲವಲ್ಲ ಎಂದು ವಾದಿಸಬಹುದು. ಆದರೆ ಹುಂಡಿ, ಅಂದರೆ ಹವಾಲಾ, ಅಥವಾ ನಮ್ಮ ಮಲಯಾಳದ ನೆರೆಯವರು ಹೇಳುವ ಕುಳಲ್‌ಪಣ ನಡೆಯುವುದು ಕೂಡ ಇದೇ ದಾರಿಯಲ್ಲಿ. ಅಲ್ಲಿಯೂ ನೋಟು ಸಮುದ್ರ ದಾಟುವುದಿಲ್ಲ. ಲೆಕ್ಕ ಮಾತ್ರ ದಾಟುತ್ತದೆ. ಸಿಕ್ಕಿಬಿದ್ದರೆ ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹಾಕಬಹುದು.

ಕುಂಬಳೆಯವರೇ, ನಿಮ್ಮ ಒಂದು ಪ್ರವಾಸದ ಖರ್ಚಿಗೆ ಯಾರಾದರೂ ಬೆನ್ನಟ್ಟಿ ಬರುತ್ತಾರೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಅಷ್ಟು ಸಣ್ಣ ಉಳಿತಾಯಕ್ಕೆ ಕಾಗದವಿಲ್ಲದ ವ್ಯವಹಾರ ಬೇಡ ಎನ್ನುವುದು ನನ್ನ ಮಾತು.

ಬದಿಯಡ್ಕದವ

ಮಾಷ್ಟ್ರಿಗಿಂತ ಜಾಸ್ತಿ ಕಟ್ಟುನಿಟ್ಟು ಆಯಿತಲ್ಲ ಸರ್. ಹಾಗಾದರೆ ಭಾವ ಊಟ ಕೊಡಿಸಿದರೂ ತಪ್ಪಾ?

ಉಪ್ಪಳ, ಈಗ ಶಾರ್ಜಾ

ಊಟ ಕೊಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮನೆಗೆ ಬಂದ ನೆಂಟರನ್ನು ಸುತ್ತಾಡಿಸಿ, ಟಿಕೆಟ್ ತೆಗೆದುಕೊಟ್ಟು, ಮಕ್ಕಳ ಕೈಗೆ ಏನಾದರೂ ಕೊಟ್ಟು ಕಳಿಸುವುದು ಆತಿಥ್ಯ. ಅದಕ್ಕೆ ಪ್ರತಿಯಾಗಿ ಊರಿನಲ್ಲಿ ರೂಪಾಯಿ ಎಣಿಸಿಕೊಳ್ಳುವಾಗ ಅದು ವ್ಯವಹಾರ ಆಗುತ್ತದೆ. ಸರ್ ಹೇಳಿದ್ದು ಅಷ್ಟೇ.

ಭಾವನ ಮಟ್ಟಿಗೆ ಬಿಡಿ, ಅವರು ಮನೆಯವರು. ನನಗೆ ಜಾಸ್ತಿ ಚಿಂತೆ ಭಾವನ ರೂಮಿನವನ ಪರಿಚಯದವರ ಬಗ್ಗೆ. ಪ್ರವಾಸ ಮುಗಿಸಿ ಹೊರಡುವಾಗ ಒಬ್ಬರು ಬರುತ್ತಾರೆ. "ನಿಮ್ಮಲ್ಲಿ ಉಳಿದ ದಿರ್ಹಮ್ ನನಗೆ ಕೊಡಿ, ಈಗಲೇ ನಿಮ್ಮ ಖಾತೆಗೆ ರೂಪಾಯಿ ಹಾಕಿಸುತ್ತೇನೆ." ಹಣ ಬರುವುದೂ ನಿಜ. ಆದರೆ ಯಾರ ಖಾತೆಯಿಂದ ಬಂತು ಅಂತ ನಿಮಗೆ ಗೊತ್ತಿರುವುದಿಲ್ಲ. ಅದು ಎಲ್ಲೋ ಯಾರಿಗೋ ಆನ್‌ಲೈನ್ ಮೋಸ ಮಾಡಿದ ದುಡ್ಡಾದರೆ ಬೇರೆ ರಾಜ್ಯದ ಪೊಲೀಸರು ಹಣದ ಜಾಡು ಹಿಡಿದುಕೊಂಡು ಬರುತ್ತಾರೆ, ನಿಮ್ಮ ಖಾತೆ ಸ್ಥಗಿತ. 2023ರಲ್ಲಿ ಕೇರಳದಲ್ಲಿ ಹೀಗೆ ಖಾತೆ ಸ್ಥಗಿತವಾದವರ ಗೋಳು ಪತ್ರಿಕೆಗಳಲ್ಲಿ ತುಂಬ ಬಂದಿತ್ತು. ಸಂಬಳದ ಖಾತೆಯೇ ನಿಂತುಹೋದರೆ ಬಿಡಿಸಿಕೊಳ್ಳಲು ಗುಜರಾತಿಗೋ ತೆಲಂಗಾಣಕ್ಕೋ ಪತ್ರ ಬರೆಯುತ್ತಾ ಕೂರಬೇಕು.

ಕುಂಬಳೆ ಕಡಲು

ಖಾತೆ ಸ್ಥಗಿತದ ವಿಷಯ ಯೋಚಿಸಿರಲಿಲ್ಲ. ಆಯಿತು, ಭಾವ ಊಟ ಕೊಡಿಸಲಿ, ದುಡ್ಡು ನಾವೇ ಒಯ್ಯುತ್ತೇವೆ. ಹಾಗಾದರೆ ಕ್ಯಾಶ್ ಎಷ್ಟು, ಕಾರ್ಡಿನಲ್ಲಿ ಎಷ್ಟು? ಡಾಲರಾ, ದಿರ್ಹಮಾ?

ಮುಳ್ಳೇರಿಯದ ನಿವೃತ್ತ ಬ್ಯಾಂಕಿನವ

ಮೊದಲು ಮಿತಿಗಳನ್ನು ಹೇಳುತ್ತೇನೆ. ಒಬ್ಬರು ಒಂದು ಪ್ರವಾಸಕ್ಕೆ ವಿದೇಶಿ ನೋಟು ಒಯ್ಯುವುದಾದರೆ 3,000 ಡಾಲರ್ ಮೌಲ್ಯದವರೆಗೆ. ಅದಕ್ಕಿಂತ ಹೆಚ್ಚು ಬೇಕಾದರೆ ಕಾರ್ಡಿನಲ್ಲಿ. ಕೆಲವು ದೇಶಗಳಿಗೆ ಈ ಮಿತಿ ಬೇರೆ ಉಂಟು. ಹಜ್, ಉಮ್ರಾ ಯಾತ್ರಿಗಳಿಗೂ ಸಡಿಲಿಕೆ ಉಂಟು. ನಮ್ಮ ರೂಪಾಯಿ ನೋಟು ತಲೆಗೆ 25,000ದವರೆಗೆ ಜೇಬಿನಲ್ಲಿ ಇರಬಹುದು. ವಾಪಸು ಬಂದು ಮಂಗಳೂರಿನಿಂದ ಕುಂಬಳೆಗೆ ಟ್ಯಾಕ್ಸಿಗೆ ಹೇಗೂ ಬೇಕಲ್ಲ.

ಇಲ್ಲಿ ವಿದೇಶಿ ಹಣ ಕೊಳ್ಳುವಾಗ 50,000 ರೂಪಾಯಿಯವರೆಗೆ ಮಾತ್ರ ನಗದು ಕೊಡಬಹುದು. ಅದರ ಮೇಲೆ ಚೆಕ್ಕು ಅಥವಾ ಖಾತೆಯಿಂದ ವರ್ಗಾವಣೆ. ಪಾಸ್‌ಪೋರ್ಟ್, ಪಾನ್, ಟಿಕೆಟ್, ವೀಸಾದ ಪ್ರತಿ ಒಯ್ಯಿರಿ. ಜಿಎಸ್‌ಟಿ ಬಗ್ಗೆ ಹೆದರಬೇಡಿ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ನ್ನು ಸೇವೆಯ ಬೆಲೆ ಎಂದು ಲೆಕ್ಕ ಹಾಕಿ, ಅದರ ಮೇಲೆ ಶೇ 18. ಅಂದರೆ ಒಂದು ಲಕ್ಷಕ್ಕೆ 180 ರೂಪಾಯಿ ತೆರಿಗೆ. ತೀರ ಸಣ್ಣ ಮೊತ್ತಕ್ಕೆ ಕನಿಷ್ಠ 45. ನಿಮ್ಮ ದುಡ್ಡು ಹೋಗುವುದು ತೆರಿಗೆಯಲ್ಲಿ ಅಲ್ಲ, ದರದಲ್ಲಿ. ಹಾಗಾಗಿ ಎರಡು ಮೂರು ಕಡೆ ಒಂದೇ ದಿನ ಕೇಳಿ. "ಎಲ್ಲ ಸೇರಿ ನನ್ನ ಕೈಯಿಂದ ಎಷ್ಟು ರೂಪಾಯಿ ಹೋಗುತ್ತದೆ, ಎಷ್ಟು ದಿರ್ಹಮ್ ಕೈಗೆ ಬರುತ್ತದೆ" ಅಂತ ಕೇಳಿ. ಕಮಿಷನ್ ಇಲ್ಲ ಅನ್ನುವವರು ದರದಲ್ಲಿ ತೆಗೆದಿರುತ್ತಾರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವಲ್ಲೇ ಕೊಳ್ಳಿ, ಬಿಲ್ ಕೇಳಿ ಪಡೆಯಿರಿ.

ಡಾಲರಾ ದಿರ್ಹಮಾ ಎನ್ನುವುದಕ್ಕೆ ದುಬೈ ಮಟ್ಟಿಗೆ ಉತ್ತರ ಸುಲಭ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ಅದು ಅಲುಗುವುದಿಲ್ಲ. ಇಲ್ಲಿ ದಿರ್ಹಮಿಗೆ ಒಳ್ಳೆಯ ದರ ಸಿಗದಿದ್ದರೆ ಡಾಲರ್ ಒಯ್ದು ಅಲ್ಲಿಯ ದೇರಾ ಅಥವಾ ಬರ್ ದುಬೈ ಪೇಟೆಯ ಎಕ್ಸ್‌ಚೇಂಜಿನಲ್ಲಿ ಬದಲಿಸಿದರೂ ನಷ್ಟ ಬಹಳ ಕಡಿಮೆ. ಥಾಯ್ಲೆಂಡಿಗೋ ಬಾಲಿಗೋ ಹೋಗುವವರು ಈ ಲೆಕ್ಕ ಹಾಕಬೇಡಿ, ಅಲ್ಲಿಯ ಹಣ ಡಾಲರಿಗೆ ಕಟ್ಟಿಲ್ಲ.

ಒಂದು ಕಾಲದಲ್ಲಿ ಈ ತಲೆಬಿಸಿಯೇ ಇರಲಿಲ್ಲ ಅಂದರೆ ನಂಬುತ್ತೀರಾ? ಗಲ್ಫಿನ ಹಲವು ಕಡೆ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ 'ಗಲ್ಫ್ ರೂಪಾಯಿ' ನೋಟು ತಂದಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅದನ್ನು ಇನ್ನೂ ಬಳಸುತ್ತಿದ್ದ ಕಡೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ.

ಪೆರ್ಲ ಎಕ್ಸ್‌ಪ್ರೆಸ್

ಸರ್ ಇತಿಹಾಸಕ್ಕೆ ಇಳಿದರು. 😄 ನಾನು ಫೋನಿನ ವಿಷಯಕ್ಕೆ ಬರುತ್ತೇನೆ.

ಯುಪಿಐ ನಡೆಯುತ್ತದೆ ಅಂತ ಮಗ ಹೇಳಿದ್ದು ಸುಳ್ಳಲ್ಲ. ಯುಎಇ, ಭೂತಾನ್, ನೇಪಾಳ, ಸಿಂಗಾಪುರ, ಶ್ರೀಲಂಕಾ, ಮಾರಿಷಸ್‌ಗಳಲ್ಲಿ ಅಂಗಡಿಗಳಿಗೆ ಯುಪಿಐ ಕೊಡಬಹುದು. ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಐಫೆಲ್ ಟವರಿನ ಟಿಕೆಟಿನಿಂದ ಶುರುವಾಯಿತು. ಆದರೆ "ನಡೆಯುತ್ತದೆ" ಅಂದರೆ ಎಲ್ಲ ಅಂಗಡಿಯಲ್ಲೂ ಅಂತ ಅಲ್ಲ. ಆ ಅಂಗಡಿಯ ಯಂತ್ರ ಒಪ್ಪಬೇಕು, ನಿಮ್ಮ ಬ್ಯಾಂಕ್ ಒಪ್ಪಬೇಕು, ಆ್ಯಪಿನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅಂತ ಬೇರೆ ಆನ್ ಮಾಡಬೇಕು. ದರದಲ್ಲಿ ಬ್ಯಾಂಕಿನ ಪಾಲೂ ಇರುತ್ತದೆ. ದೊಡ್ಡ ಮಾಲಿನಲ್ಲಿ ಸಿಕ್ಕಿದರೆ ಲಾಭ. ಅದನ್ನೇ ನಂಬಿ ಹೋಗಬಾರದು.

ಕಾರ್ಡಿನದ್ದು ಅದಕ್ಕಿಂತ ಮುಖ್ಯ. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಕ್ಕೆ ಮಾತ್ರ ತೆರೆದಿರುತ್ತವೆ. ವಿದೇಶ, ಆನ್‌ಲೈನ್, ಟ್ಯಾಪ್ ಮಾಡುವುದು, ಇವೆಲ್ಲ ನಾವೇ ಆ್ಯಪಿನಲ್ಲಿ ಆನ್ ಮಾಡಬೇಕು. ಬಹಳ ಜನ ಅಲ್ಲಿ ಹೋಗಿ ಕಾರ್ಡ್ ಉಜ್ಜಿ, ಆಗಲಿಲ್ಲ ಅಂತ ಬ್ಯಾಂಕಿಗೆ ಬೈಯುತ್ತಾರೆ.

ನೀವು ಎಟಿಎಂ ಮತ್ತು ಅಂಗಡಿ ಬಳಕೆಯನ್ನು ಮಾತ್ರ ವಿದೇಶಕ್ಕೆ ಆನ್ ಮಾಡಿ. ವಿದೇಶಿ ಆನ್‌ಲೈನ್ ಆಫ್ ಇರಲಿ. ಕಾರಣ ಉಂಟು. ನಮ್ಮಲ್ಲಿ ಆನ್‌ಲೈನಿಗೆ ಸಾಮಾನ್ಯವಾಗಿ ಒಟಿಪಿಯಂಥ ಎರಡನೆಯ ದೃಢೀಕರಣ ಬೇಕು. ಹೊರದೇಶದ ಎಷ್ಟೋ ತಾಣಗಳು ಕಾರ್ಡಿನ ನಂಬರ್, ಹಿಂದಿನ ಮೂರು ಅಂಕಿ ಇದ್ದರೆ ಒಟಿಪಿ ಇಲ್ಲದೆ ಹಣ ಎಳೆದುಬಿಡುತ್ತವೆ. ಹೋಟೆಲಿನಲ್ಲಿ ಯಾರೋ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದುಕೊಂಡರೆ ಸಾಕು. ದಿನದ ಮಿತಿಯನ್ನೂ ಇಳಿಸಿಡಿ, ಬೇಕಾದಾಗ ಏರಿಸಿದರಾಯಿತು.

ನೀರ್ಚಾಲು ಟೀಚರ್

ಎಲ್ಲರೂ ಕಳ್ಳರ ಬಗ್ಗೆ ಮಾತಾಡುತ್ತಿದ್ದೀರಿ. ದುಬೈಯಲ್ಲಿ ಜೇಬುಗಳ್ಳರಿಗಿಂತ ಜಾಸ್ತಿ ದುಡ್ಡು ಹೋಗುವುದು ಬಿಲ್ ಕೌಂಟರಿನಲ್ಲಿ, ನಾವೇ ನಗುನಗುತ್ತಾ ಒಪ್ಪಿಕೊಂಡು.

ಕಾರ್ಡ್ ಹಾಕಿದಾಗ ಯಂತ್ರದಲ್ಲಿ ಒಂದು ಪ್ರಶ್ನೆ ಬರುತ್ತದೆ. ದಿರ್ಹಮಿನಲ್ಲಿ ಕೊಡುತ್ತೀರಾ, ರೂಪಾಯಿಯಲ್ಲಾ? ನಮ್ಮ ತಂಗಿ ಹೋದಾಗ ಅಂಗಡಿಯ ಹುಡುಗ ತಾನೇ ರೂಪಾಯಿ ಒತ್ತಿಬಿಟ್ಟ. ಇವಳಿಗೂ ಖುಷಿ, ಲೆಕ್ಕ ಸುಲಭ ಆಯಿತಲ್ಲ ಅಂತ. ಆದರೆ ರೂಪಾಯಿ ಒತ್ತಿದ ಕೂಡಲೇ ದರ ಹಾಕುವ ಅಧಿಕಾರ ಆ ಯಂತ್ರದವರ ಕೈಗೆ ಹೋಗುತ್ತದೆ.

ಲೆಕ್ಕ ಮಾಡಿ ತೋರಿಸುತ್ತೇನೆ, ಟೀಚರ್ ಅಲ್ವಾ. ಬಿಲ್ 500 ದಿರ್ಹಮ್. ಆ ದಿನದ ದರ 24 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಜ ಬೆಲೆ 12,000. ನಿಮ್ಮ ಕಾರ್ಡಿನ ವಿದೇಶಿ ಶುಲ್ಕ ಶೇ 2 ಆದರೆ 240, ಅದರ ಮೇಲೆ ಜಿಎಸ್‌ಟಿ 43. ಒಟ್ಟು 12,283. ಅದೇ ರೂಪಾಯಿ ಒತ್ತಿದಿರಿ, ಯಂತ್ರ ಶೇ 5 ಏರಿಸಿ 25 ರೂಪಾಯಿ 20 ಪೈಸೆ ಹಾಕಿತು ಅಂತಿಟ್ಟುಕೊಳ್ಳಿ. 12,600 ಆಯಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಹೀಗೆ ರೂಪಾಯಿಯಲ್ಲಿ ಮಾಡಿದ ವಿದೇಶಿ ಬಿಲ್ಲಿಗೂ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ.

ಎಟಿಎಂನಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. "ಈ ದರವನ್ನು ಒಪ್ಪುತ್ತೀರಾ?" ಅಂತ. ಒಪ್ಪುವುದಿಲ್ಲ ಅಂತ ಒತ್ತಿ. ಹಣ ಬಂದೇ ಬರುತ್ತದೆ, ನಿಮ್ಮ ಬ್ಯಾಂಕಿನ ದರದಲ್ಲಿ. ಇಲ್ಲ ಅಂದರೆ ಹಣವೇ ಬರುವುದಿಲ್ಲವೇನೋ ಅಂತ ಹೆದರಿ ಹೌದು ಒತ್ತುವವರೇ ಜಾಸ್ತಿ.

ಅಂಗಡಿಯವನು ರೂಪಾಯಿಯಲ್ಲಿ ಮಾಡಿಬಿಟ್ಟಿದ್ದರೆ ಅಲ್ಲೇ ರದ್ದು ಮಾಡಿಸಿ. ಸಂಕೋಚ ಬೇಡ. ಹೊರಗೆ ಬಂದ ಮೇಲೆ ಏನೂ ಮಾಡಲು ಬರುವುದಿಲ್ಲ.

ಬದಿಯಡ್ಕದವ

ಟೀಚರೇ, ಇದು ನನಗೆ ಹೊಸತು. ಹಾಗಾದರೆ ಕ್ಯಾಶ್ ಒಯ್ಯುವುದೇ ಒಳ್ಳೆಯದಲ್ವಾ? ಯಂತ್ರದ ಸಹವಾಸವೇ ಬೇಡ.

ಮಂಜೇಶ್ವರದ ಅಕ್ಕ

ಅಯ್ಯೋ, ಐದು ಜನರ ಪ್ರವಾಸದ ದುಡ್ಡನ್ನು ಬ್ಯಾಗಿನಲ್ಲಿ ಹೊತ್ತುಕೊಂಡು ಬುರ್ಜ್ ಖಲೀಫಾ ನೋಡಲು ಮನಸ್ಸು ಬರುತ್ತದಾ? ಹೋಟೆಲಿಗೆ ಬಂದು ಬಂದು ಎಣಿಸುವುದೇ ಕೆಲಸ ಆದೀತು.

ನಾನು ಹೇಳುವ ಕ್ರಮ ಇದು. ಟ್ಯಾಕ್ಸಿ, ಅಬ್ರಾ ದೋಣಿ, ಸಣ್ಣ ಚಹಾದಂಗಡಿ, ದೇರಾದ ಸೂಕಿನಲ್ಲಿ (ಹಳೆಯ ಮಾರುಕಟ್ಟೆ) ಚೌಕಾಶಿ, ಇಷ್ಟಕ್ಕೆ ಕ್ಯಾಶ್. ಉಳಿದದ್ದು ಕಾರ್ಡಿನಲ್ಲಿ. ಕ್ಯಾಶ್ ಒಬ್ಬರ ಹತ್ತಿರ ಬೇಡ. ಅಮ್ಮನ ಸೀರೆಯ ಸೆರಗಿನ ಗಂಟಿನಲ್ಲೂ ಒಂದಿಷ್ಟು ಇರಲಿ, ಅದು ಎಂದೂ ಕಳೆಯುವುದಿಲ್ಲ. ಕಾರ್ಡುಗಳೂ ಹಾಗೆ. ಗಂಡನ ಪರ್ಸಿನಲ್ಲಿ ಒಂದು, ಹೆಂಡತಿಯ ಬ್ಯಾಗಿನಲ್ಲಿ ಬೇರೆ ಬ್ಯಾಂಕಿನದ್ದು ಒಂದು, ಹೋಟೆಲಿನ ಲಾಕರಿನಲ್ಲಿ ಮೂರನೆಯದು. ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು.

ಹೋಟೆಲಿನ ಠೇವಣಿ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ಹೋದ ಕೂಡಲೇ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಖಾಲಿ ಮಾಡಿದ ಮೇಲೆ ಬಿಡುತ್ತಾರೆ, ಆದರೆ ಅದು ನಿಮ್ಮ ಕೈಗೆ ತಿರುಗಿ ಬರಲು ಎಷ್ಟೋ ದಿನ ಬೇಕು. ಫಾರೆಕ್ಸ್ ಕಾರ್ಡ್ ಅಥವಾ ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ಖರ್ಚಿನ ದುಡ್ಡು ಸಿಕ್ಕಿಹಾಕಿಕೊಂಡಿತು. ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ. ಬಾಡಿಗೆ ಕಾರು ತೆಗೆದರೂ ಹಾಗೆಯೇ.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ. ಆ ದಿನದಿಂದಲೇ ಬಡ್ಡಿ ಓಡಲು ಶುರು.

ಮತ್ತೆ ದುಬೈಯಲ್ಲಿ ಟೂರಿಸಂ ದಿರ್ಹಮ್ ಅಂತ ಒಂದು ಉಂಟು. ಹೋಟೆಲಿನ ದರ್ಜೆ ನೋಡಿಕೊಂಡು ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಮ್. ಬುಕಿಂಗಿನಲ್ಲಿ ಸೇರಿರುವುದಿಲ್ಲ ಎಷ್ಟೋ ಸಲ. ಕೌಂಟರಿನಲ್ಲಿ ಕೇಳಿದಾಗ ಮೋಸ ಅಂತ ಜಗಳಕ್ಕೆ ಹೋಗಬೇಡಿ.

ಕುಂಬಳೆ ಕಡಲು

ಅಕ್ಕಾ, ಸೆರಗಿನ ಗಂಟು ಅಮ್ಮನಿಗೆ ಓದಿ ಹೇಳಿದೆ. ತುಂಬ ಖುಷಿಯಾಯಿತು ಅವರಿಗೆ. ಹಾಗಾದರೆ ಫಾರೆಕ್ಸ್ ಕಾರ್ಡ್ ಬೇಕಾ ಬೇಡವಾ?

ಪೆರ್ಲ ಎಕ್ಸ್‌ಪ್ರೆಸ್

ನನ್ನ ಮತ 'ಬೇಡ'. ಈಗ ವಿದೇಶಿ ಶುಲ್ಕವೇ ಇಲ್ಲದ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಸಿಗುತ್ತವೆ. ಫಾರೆಕ್ಸ್ ಕಾರ್ಡಿಗೆ ಮಾಡಿಸಲು ಶುಲ್ಕ, ತುಂಬಿಸಲು ದರದಲ್ಲಿ ಪಾಲು, ಉಳಿದದ್ದು ವಾಪಸು ತೆಗೆಯುವಾಗ ಮತ್ತೆ ಪಾಲು.

ಮುಳ್ಳೇರಿಯದ ನಿವೃತ್ತ ಬ್ಯಾಂಕಿನವ

ನನ್ನ ಮತ 'ಬೇಕು', ಅದೂ ಇಂಥ ಕುಟುಂಬಕ್ಕೆ. ಶುಲ್ಕದ ಲೆಕ್ಕದಲ್ಲಿ ಪೆರ್ಲದವರು ಗೆಲ್ಲಬಹುದು. ಆದರೆ ಫಾರೆಕ್ಸ್ ಕಾರ್ಡಿಗೂ ನಿಮ್ಮ ಉಳಿತಾಯ ಖಾತೆಗೂ ಸಂಬಂಧ ಇಲ್ಲ. ಕಳೆದರೆ ಅದರಲ್ಲಿ ತುಂಬಿಸಿದಷ್ಟೇ ಅಪಾಯದಲ್ಲಿ. ಡೆಬಿಟ್ ಕಾರ್ಡ್ ಕದ್ದವನ ಮುಂದೆ ಇಡೀ ಜೀವಮಾನದ ಉಳಿತಾಯ ಇರುತ್ತದೆ. ಅಡಕೆ ಮಾರಿದ ದುಡ್ಡು, ಪಿಂಚಣಿ ಎಲ್ಲ ಒಂದೇ ಖಾತೆಯಲ್ಲಿ ಇಡುವವರು ನಮ್ಮಲ್ಲಿ ಜಾಸ್ತಿ. ಡೆಬಿಟ್ ಕಾರ್ಡೇ ಒಯ್ಯುವುದಾದರೆ ಸಣ್ಣ ಬೇರೆ ಖಾತೆ ತೆರೆದು, ಪ್ರವಾಸದ ದುಡ್ಡು ಮಾತ್ರ ಅದಕ್ಕೆ ಹಾಕಿ.

ಫಾರೆಕ್ಸ್ ಕಾರ್ಡ್ ಮಾಡಿಸಿದರೆ ದಿರ್ಹಮಿನಲ್ಲೇ ತುಂಬಿಸಿ. ಡಾಲರ್ ತುಂಬಿಸಿ ದಿರ್ಹಮಿನಲ್ಲಿ ಖರ್ಚು ಮಾಡಿದರೆ ಪ್ರತಿ ಸಲ ಬದಲಾವಣೆ ಶುಲ್ಕ ಬೀಳುತ್ತದೆ.

ಪೆರ್ಲ ಎಕ್ಸ್‌ಪ್ರೆಸ್

ಬೇರೆ ಖಾತೆಯ ಮಾತು ಒಪ್ಪಿದೆ ಸರ್. ಉಳಿದದ್ದಕ್ಕೆ ಒಪ್ಪಿಗೆ ಇಲ್ಲ. 🙂

ಅಡೂರಿನ ತಿರುಗಾಡಿ

ನಡುವೆ ಬಾಯಿ ಹಾಕುತ್ತೇನೆ. ನಾವು ವಿಯೆಟ್ನಾಂ, ಆಮೇಲೆ ಬಾಲಿ ಅಂತ ಯೋಚಿಸುತ್ತಿದ್ದೇವೆ. ಅಲ್ಲಿಗೂ ಇದೇ ಮಾತಾ?

ನೀರ್ಚಾಲು ಟೀಚರ್

ಅಲ್ಲಿ ಕ್ಯಾಶ್ ಜಾಸ್ತಿ ಬೇಕು, ಕಣ್ಣೂ ಜಾಸ್ತಿ ಬೇಕು. ವಿಯೆಟ್ನಾಮಿನ ನೋಟಿನಲ್ಲಿ ಸೊನ್ನೆಗಳ ರಾಶಿ. 20,000 ಡಾಂಗ್ ನೋಟೂ ನೀಲಿ, 5 ಲಕ್ಷ ಡಾಂಗ್ ನೋಟೂ ನೀಲಿ. ರಾತ್ರಿ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಕೊಟ್ಟ ಹಾಗಾಯಿತು. ದೊಡ್ಡ ನೋಟು ಬೇರೆ ಜೇಬಿನಲ್ಲಿ ಇಡಿ, ಕೊಡುವಾಗ ಅಂಕಿ ಗಟ್ಟಿಯಾಗಿ ಓದಿ ಕೊಡಿ.

ಬಾಲಿಯಲ್ಲಿ ಬೀದಿಬದಿಯ ವಿನಿಮಯದಂಗಡಿಗಳ ಕೈಚಳಕ ಹೆಸರುವಾಸಿ. ಬೋರ್ಡಿನಲ್ಲಿ ಎಲ್ಲರಿಗಿಂತ ಒಳ್ಳೆಯ ದರ. ಸಣ್ಣ ನೋಟುಗಳ ಕಟ್ಟನ್ನು ಮೇಜಿನ ಮೇಲೆ ಎಣಿಸಿ ತೋರಿಸುತ್ತಾರೆ, ನೀವೂ ಎಣಿಸುತ್ತೀರಿ, ಸರಿ ಇರುತ್ತದೆ. ಮತ್ತೊಮ್ಮೆ ನೋಡುತ್ತೇನೆ ಅಂತ ವಾಪಸು ತೆಗೆದುಕೊಂಡು ಕೊಡುವಾಗ ಕೆಲವು ನೋಟು ಮೇಜಿನ ಹಿಂದೆ ಬಿದ್ದಿರುತ್ತವೆ. ಕೊನೆಯದಾಗಿ ಎಣಿಸಿದ ಕೈ ನಿಮ್ಮದೇ ಆಗಿರಬೇಕು. ಅದಾದ ಮೇಲೆ ಅವರು ಮುಟ್ಟಿದರೆ ಮತ್ತೆ ಮೊದಲಿನಿಂದ ಎಣಿಸಿ.

ಥಾಯ್ಲೆಂಡಿಗೆ ಹೋಗುವವರಿಗೂ ಒಂದು ಮಾತು. ಅಲ್ಲಿಯ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಹ್ತ್ ಆಸುಪಾಸು ಕತ್ತರಿಸುತ್ತವೆ. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಸ್ವಲ್ಪ ಸ್ವಲ್ಪ ತೆಗೆಯಬೇಡಿ.

ಮಂಜೇಶ್ವರದ ಅಕ್ಕ

ಲಂಡನಿಗೆ ಹೋಗುವವರು ಯಾರಾದರೂ ಇದ್ದರೆ, ಮನೆಯ ಕಪಾಟಿನಲ್ಲಿರುವ ಹಳೆಯ ಪೌಂಡ್ ನೋಟು ಒಯ್ಯುವ ಮೊದಲು ನೋಡಿ. ಕಾಗದದ 20, 50 ಪೌಂಡ್ ನೋಟು 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಯಲ್ಲಿ ನಡೆಯುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಬದಲಿಸಬೇಕು. ಡಾಲರ್ ಆದರೂ ಗೀಚಿದ, ಹರಿದ, ಮುದುಡಿದ ನೋಟನ್ನು ಏಷ್ಯಾದ ಎಷ್ಟೋ ಕಡೆ ಮುಟ್ಟುವುದಿಲ್ಲ. ಇಲ್ಲಿ ಕೊಳ್ಳುವಾಗಲೇ ಶುಭ್ರವಾದದ್ದು ಕೇಳಿ ತೆಗೆದುಕೊಳ್ಳಿ.

ಉಪ್ಪಳ, ಈಗ ಶಾರ್ಜಾ

ಉಮ್ರಾಕ್ಕೆ ಹೋಗುವ ಹಿರಿಯರಿಗೂ ಹೇಳಿಬಿಡುತ್ತೇನೆ, ನಮ್ಮ ಕಡೆಯಿಂದ ತುಂಬ ಜನ ಹೋಗುತ್ತಾರೆ. ಸೌದಿ ರಿಯಾಲ್ ಕೂಡ ಡಾಲರಿಗೆ 3.75 ಅಂತ ಕಟ್ಟಿದ್ದು. ಮಿತಿ ಸಡಿಲ ಅಂತ ಎಲ್ಲವನ್ನೂ ನಗದಾಗಿ ಒಯ್ಯಬೇಡಿ. ಕಾಬಾದ ಸುತ್ತ ತವಾಫ್ ಮಾಡುವಾಗ ಜನಸಂದಣಿಯಲ್ಲಿ ಸೊಂಟದ ಚೀಲ ಇಹ್ರಾಮಿನ (ಯಾತ್ರೆಯ ಬಟ್ಟೆ) ಒಳಗೆ ಇರಲಿ, ಅದರಲ್ಲಿ ಆ ಹೊತ್ತಿಗೆ ಬೇಕಾದಷ್ಟೇ. ಉಳಿದದ್ದು ಕೋಣೆಯಲ್ಲಿ.

ಬದಿಯಡ್ಕದವ

ಕಾರ್ಡ್ ಕಳೆದೇ ಹೋಯಿತು ಅಂತ ಇಟ್ಟುಕೊಳ್ಳಿ. ಆಗ ಊರಿನಿಂದ ವೆಸ್ಟರ್ನ್ ಯೂನಿಯನ್ನಿನಲ್ಲಿ ಕಳಿಸಿದರೆ ಆಗುತ್ತದಲ್ಲ?

ಮುಳ್ಳೇರಿಯದ ನಿವೃತ್ತ ಬ್ಯಾಂಕಿನವ

ಆಗುವುದಿಲ್ಲ. ಗಲ್ಫಿನಿಂದ ಊರಿಗೆ ನೂರಾರು ಸಲ ಬಂದದ್ದನ್ನು ನೋಡಿದ ನಮಗೆ, ಅದೇ ಕೌಂಟರಿನಿಂದ ಆಚೆಗೂ ಹೋಗುತ್ತದೆ ಎಂಬ ಭ್ರಮೆ. ಆ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿರುವುದು ಹಣ ಒಳಗೆ ಬರಲು ಮಾತ್ರ. ಇಲ್ಲಿಂದ ಕಳಿಸಲು ಬ್ಯಾಂಕಿಗೆ ಹೋಗಿ ಅರ್ಜಿ, ಪಾನ್ ಎಲ್ಲ ಕೊಡಬೇಕು. ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ. ಅದಕ್ಕೇ ಎರಡನೆಯ ಕಾರ್ಡ್. ಫಾರೆಕ್ಸ್ ಕಾರ್ಡಿಗೆ ಊರಿನಿಂದಲೂ ಮತ್ತೆ ತುಂಬಿಸಬಹುದು, ನಾನು ಅದರ ಪರ ಇರುವುದಕ್ಕೆ ಇದೂ ಒಂದು ಕಾರಣ. ಇನ್ನು ಇಂಥ ಹೊತ್ತಿನಲ್ಲಿ ಶಾರ್ಜಾದ ಭಾವ ಬಂದು ಸಹಾಯ ಮಾಡಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಲ್ಲಿಯೇ ನೆಂಟನಾಗಿ ನಿಭಾಯಿಸಲಿ.

ಕಳೆದ ಕ್ಷಣ ಮಾಡಬೇಕಾದದ್ದು ಆ್ಯಪಿನಲ್ಲಿ ಕಾರ್ಡ್ ನಿಲ್ಲಿಸುವುದು. ಆಮೇಲೆ ಬ್ಯಾಂಕಿಗೆ ಫೋನ್. ನಮ್ಮ 1800ರ ಉಚಿತ ನಂಬರುಗಳು ಹೊರದೇಶದಿಂದ ಹೆಚ್ಚಾಗಿ ತಾಗುವುದಿಲ್ಲ, ವಿದೇಶದಿಂದ ಕರೆಯುವ ನಂಬರನ್ನು ಕಾಗದದಲ್ಲಿ ಬರೆದು ಇಬ್ಬರ ಬಳಿ ಇಡಿ. ದೂರು ಕೊಟ್ಟ ಹೊತ್ತು, ದೂರಿನ ನಂಬರ್ ಬರೆದುಕೊಳ್ಳಿ. 2017ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದು ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನ ಆದರೆ ಸ್ವಲ್ಪ ನಿಮ್ಮ ತಲೆಗೆ. ಆದರೆ ಪಿನ್ನನ್ನು ಕಾರ್ಡಿನ ಕವರಿನ ಮೇಲೆ ಬರೆದಿಟ್ಟವರಿಗೆ ಈ ರಕ್ಷಣೆ ಸಿಗುವುದಿಲ್ಲ. ಅಂಥವರನ್ನು ಕೌಂಟರಿನಲ್ಲಿ ಕೂತು ಎಷ್ಟು ನೋಡಿದ್ದೇನೋ.

ಪೆರ್ಲ ಎಕ್ಸ್‌ಪ್ರೆಸ್

ಆ ಸಂದೇಶ ಬರಬೇಕಾದರೆ ಊರಿನ ಸಿಮ್ ಜೀವಂತ ಇರಬೇಕು. ಅಲ್ಲಿಯ ಸಿಮ್ ಹಾಕಲು ಊರಿನದ್ದನ್ನು ತೆಗೆದು ಪರ್ಸಿನಲ್ಲಿಟ್ಟರೆ ಒಟಿಪಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ದರ ಕೇಳಿಕೊಳ್ಳಿ. ಊರಿನ ಸಿಮ್ಮಿನ ಡೇಟಾ ಆಫ್ ಇರಲಿ. ಇಂಟರ್‌ನೆಟ್ಟಿಗೆ ಇ-ಸಿಮ್ ಅಥವಾ ಎರಡನೆಯ ಸಿಮ್.

ಕುಂಬಳೆ ಕಡಲು

ಎಲ್ಲ ಬರೆದುಕೊಂಡೆ. ಅಮ್ಮನ ಬಳೆಯ ಪ್ರಶ್ನೆ ಉಳಿಯಿತು.

ಮಂಜೇಶ್ವರದ ಅಕ್ಕ

ಬಳೆ ಹಾಕಿಕೊಂಡೇ ಹೋಗಲಿ. ಹೊರಡುವಾಗ ಮಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಿಲ್ ಇದ್ದರೆ ಅದು, ಇಲ್ಲದಿದ್ದರೆ ಅಕ್ಕಸಾಲಿಗರಿಂದ ತೂಕ, ಬೆಲೆ ಬರೆಸಿದ ಕಾಗದ, ಫೋಟೋ. ಸ್ವಲ್ಪ ಬೇಗ ಹೋಗಬೇಕಾಗುತ್ತದೆ. ವಾಪಸು ಬರುವಾಗ "ಇದು ದುಬೈಯಲ್ಲಿ ಕೊಂಡದ್ದಾ" ಅಂತ ಕೇಳಿದರೆ ಕಾಗದ ತೋರಿಸಿದರಾಯಿತು.

ಹೊಸ ಚಿನ್ನ ತರುವ ಆಸೆ ಇದ್ದರೆ ಈಗಲೇ ಬಿಡಿಸಿ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ವಿನಾಯಿತಿ ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿ ಬರುವವರಿಗೆ. ರಜೆಗೆ ಹೋಗಿ ಬರುವ ನಮಗೆ ಅಲ್ಲ.

ಉಪ್ಪಳ, ಈಗ ಶಾರ್ಜಾ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರುವಾಗ "ಒಂದು ಸಣ್ಣ ಪೊಟ್ಟಣ, ನಮ್ಮ ಮನೆಯವರು ಬಂದು ತೆಗೆದುಕೊಳ್ಳುತ್ತಾರೆ" ಅಂತ ಯಾರಾದರೂ ಕೊಟ್ಟರೆ, ಊರಿನವರೇ ಆಗಲಿ, ಬೇಡ ಅನ್ನಿ. ಹೋಗುವಾಗಲೂ ಅಷ್ಟೇ. ಒಳಗೆ ಏನಿದ್ದರೂ ಹಿಡಿಯುವುದು ಹೊತ್ತವರನ್ನು. ಮುಖ ಕೆಡಿಸಿಕೊಂಡರೆ ಕೆಡಿಸಿಕೊಳ್ಳಲಿ.

ಕುಂಬಳೆ ಕಡಲು

ಉಳಿದ ದಿರ್ಹಮ್ ಏನು ಮಾಡುವುದು? ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದಾ?

ಮುಳ್ಳೇರಿಯದ ನಿವೃತ್ತ ಬ್ಯಾಂಕಿನವ

2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿ ಇರುವ ವಿನಿಮಯದವರಿಗೋ ಕೊಡಬೇಕು. ಕೊಳ್ಳುವಾಗಿನ ಬಿಲ್ ಅಲ್ಲಿಯವರೆಗೆ ಜೋಪಾನ. ಚಿಲ್ಲರೆ ನಾಣ್ಯವನ್ನು ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಅದನ್ನು ಅಲ್ಲಿಯೇ ಚಹಾ ಕುಡಿದು ಮುಗಿಸಿ.

ಬದಿಯಡ್ಕದವ

ನನ್ನ ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುತ್ತದೆ. ಅದನ್ನು ಕಾಸರಗೋಡಿನಲ್ಲೇ ಮಾಡಿಸಬಹುದಾ, ಬೇರೆ ಕಡೆ ಹೋಗಬೇಕಾ? ಬೇರೆ ಚರ್ಚೆ ಶುರು ಮಾಡುತ್ತೇನೆ, ಎಲ್ಲರೂ ಆ ಕಡೆ ಬನ್ನಿ.